ಡ್ರಾಯಿಂಗ್ ಮೇಷ್ಟ್ರ ಹೂವಿನ ಹುಚ್ಚು

ಚಿತ್ರ ಬರೆಯುವವರನ್ನು ಕಟ್ಟಿಕೊಂಡವಳು ನಗುವುದಕ್ಕೆಂದು ನಾಟಕ ನೋಡಲು ಹೋಗಬೇಕಾಗಿಲ್ಲ. ಬೆಳಗಿನ ಕಾಫಿ ಇಳಿಸುವಷ್ಟರಲ್ಲಿ ಮನೆಯಲ್ಲೇ ಒಂದು ಅಂಕ ಮುಗಿದಿರುತ್ತದೆ. ನಮ್ಮವರು ಅರಸೀಕೆರೆಯ ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಸ್ಕೂಲಿನಲ್ಲಿ ಹುಡುಗರಿಗೆ ಹೂಜಿ, ಕೊಡೆ, ಮಾವಿನಕಾಯಿ ಬರೆಯುವುದನ್ನು ಕಲಿಸಿ ಮನೆಗೆ ಬಂದರೆ ಅವರ ಸ್ವಂತ ಕೆಲಸ ಹೂವು. ಬರೀ ಹೂವು. ಅದೂ ಆಯಾ ಕಾಲದ ಹೂವನ್ನು ಆಯಾ ಕಾಲದಲ್ಲೇ, ಎದುರಿಗೆ ಇಟ್ಟುಕೊಂಡೇ ಬರೆಯಬೇಕು ಅನ್ನುವ ಹಟ. ಮಾಘ ಕಳೆದರೆ ಮುತ್ತುಗ, ಬೇಸಿಗೆಗೆ ಕಕ್ಕೆ, ಮಳೆ ಹಿಡಿದರೆ ಕೇದಗೆ, ದೀಪಾವಳಿ ಹೊತ್ತಿಗೆ ಸೇವಂತಿಗೆ. ನಮ್ಮತ್ತೆ ಪಂಚಾಂಗ ತೆಗೆಯುವುದನ್ನೇ ಬಿಟ್ಟಿದ್ದರು. "ನಡುಮನೇಲಿ ಯಾವ ಪಟ ಒಣಗಿಹಾಕಿದಾನೆ ನೋಡ್ಕೊಂಡು ಬಾರೇ, ಯಾವ ಮಾಸ ಅಂತ ಗೊತ್ತಾಗುತ್ತೆ" ಅನ್ನುತ್ತಿದ್ದರು.

೧. ಸಂಪಿಗೆ

ನಾನು ಆ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಕಿಟಕಿಯ ಮೇಲೆ ಹಿತ್ತಾಳೆ ಚೊಂಬಿನಲ್ಲಿ ಒಂದೇ ಒಂದು ಸಂಪಿಗೆ ಇತ್ತು. ಆಗಿನ ಕಾಲದಲ್ಲಿ ಗಂಡನಾದವನು ಅಪ್ಪ ಅಮ್ಮನ ಎದುರಿಗೆ ಹೆಂಡತಿಯ ಕೈಗೆ ಹೂ ಕೊಡುವುದುಂಟೆ? ಬಾಯಿಬಿಟ್ಟು ಹೇಳಲಾರದೆ ನನಗೆಂದೇ ಇಟ್ಟಿದ್ದಾರೆ ಅಂದುಕೊಂಡು, ನಾಚಿಕೊಂಡು, ಮುಡಿದುಕೊಂಡೆ.

ಸ್ನಾನ ಮುಗಿಸಿ ಬಂದವರು, "ಇಲ್ಲಿದ್ದ ಹೂವೆಲ್ಲಿ?" ಅಂದರು.

ನಾನು ಇನ್ನಷ್ಟು ನಾಚಿಕೊಂಡು ತಿರುಗಿ ನಿಂತು ಜಡೆ ತೋರಿಸಿದೆ. ಮೆಲ್ಲಗೆ ತಿರುಗಿದರೆ ಇವರ ಕೈಯಲ್ಲಿ ಅರ್ಧ ಬರೆದ ಸಂಪಿಗೆಯ ಚಿತ್ರ! ತೆಗೆದುಕೊಡೋಣ ಅಂತ ಕೈ ಎತ್ತಿದೆ.

"ತೆಗೀಬೇಡ! ಮುಟ್ಟಿದರೆ ಎಸಳು ಬಾಡುತ್ತೆ. ಹಾಗೇ ಗೋಡೆ ಕಡೆ ತಿರುಗಿ ಕೂತ್ಕೋ."

ಕೂತೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಉಕ್ಕಿತು, ಕೊನೆಗೆ ಸೀದೇ ಹೋಯಿತು. ವಾಸನೆ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತು, "ಏನೇ ಇದು, ಮದುವೆಯಾಗಿ ತಿಂಗಳಾಗಿಲ್ಲ, ಆಗಲೇ ಗಂಡನಿಗೆ ಬೆನ್ನು ಹಾಕಿ ಕೂತಿದೀಯಲ್ಲ!" ಅಂದರು. ಉತ್ತರ ಹೇಳೋಣವೆಂದರೆ ಹಿಂದಿನಿಂದ "ಅಲ್ಲಾಡಬೇಡ" ಅನ್ನುವ ಗದರಿಕೆ. ಆ ದಿನ ಮನೆಯಲ್ಲಿ ಎಲ್ಲರೂ ಊಟ ಮಾಡಿದ್ದು ಮಜ್ಜಿಗೆ ಅನ್ನ.

ಮುಂದೆ ಆ ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದಾಗ ಹೆಡ್‌ಮಾಸ್ಟರ ಹೆಂಡತಿ ನೋಡಲು ಬಂದರು. ಹೂವನ್ನೂ ನೋಡಿದರು, ಹೂ ಮುಡಿದ ಜಡೆಯನ್ನೂ ನೋಡಿದರು.

"ಇದು ನಿಮ್ಮ ಜಡೆ ಅಲ್ವೇನ್ರೀ?"

ನನಗೆ ಒಳಗೊಳಗೇ ಹೆಮ್ಮೆ. "ಮುಖವೇ ಕಾಣೋದಿಲ್ಲ, ಹೇಗೆ ಗೊತ್ತಾಯ್ತು?" ಅಂದೆ.

"ಸಿಕ್ಕು ನೋಡಿದ ತಕ್ಷಣ ಗೊತ್ತಾಯ್ತು" ಅಂದರು.

೨. ಹುಣಸೆಮರ

ಹಗರೆಯ ಕಡೆ ಹುಚ್ಚೆಳ್ಳು ಹೂ ಬಿಟ್ಟರೆ ಹೊಲಕ್ಕೆ ಹೊಲವೇ ಅರಿಶಿನ ಬಳಿದ ಹಾಗಿರುತ್ತದೆ. ಅದನ್ನು ಬರೆಯಲು ಇವರು ಹಲಗೆ, ಬಣ್ಣ, ಮಡಚುವ ಸ್ಟೂಲು ಹೊತ್ತುಕೊಂಡು ಹೋದರು. ಇವರ ಅಭ್ಯಾಸ ಏನೆಂದರೆ, ಒಂದು ಕಣ್ಣು ಮುಚ್ಚಿ, ಕುಂಚವನ್ನು ಮುಂದಕ್ಕೆ ಚಾಚಿ, ಹೆಬ್ಬೆರಳಿನಲ್ಲಿ ಅಳತೆ ನೋಡುವುದು. ಹೊಲದ ಗೌಡರು ದೂರದಿಂದ ಇದನ್ನು ಕಂಡು ಓಡಿ ಬಂದರು.

"ಸ್ವಾಮಿ, ಸರ್ವೆ ನಡೀತಾ ಐತಾ?"

ಬರೆಯುವಾಗ ಇವರಿಗೆ ಕಿವಿ ಕೇಳಿಸುವುದಿಲ್ಲ. "ಬರೀತಾ ಇದೀನಪ್ಪ" ಅಂದರು.

"ಬರೀರಿ ಬರೀರಿ, ನಿಧಾನವಾಗೇ ಬರೀರಿ" ಅಂತ ಗೌಡರು ಎರಡು ಎಳನೀರು ಕೆತ್ತಿಸಿ ತಂದರು. ಸ್ವಲ್ಪ ಹೊತ್ತಾದ ಮೇಲೆ ತಗ್ಗಿದ ದನಿಯಲ್ಲಿ, "ಎರಡು ಹೊಲದ ನಡುವೆ ಬದಿನಲ್ಲಿರೋ ಆ ಹುಣಸೆಮರ ಯಾವ ಕಡೀಕೆ ಬಂತು, ಸ್ವಾಮಿ?" ಅಂದರು.

ಇವರು ಚಿತ್ರವನ್ನು ದೂರ ಹಿಡಿದು ನೋಡಿ, "ಬಲಗಡೆ ತುಂಬಾ ಭಾರ ಆಗಿತ್ತು. ಎಡಕ್ಕೆ ತಳ್ಳಿದೀನಿ" ಅಂದರು.

ಎಡಗಡೆಯದು ಗೌಡರ ಹೊಲ! ಅವತ್ತು ಇವರು ಒಂದು ಚೀಲ ತೆಂಗಿನಕಾಯಿಯ ಸಮೇತ ಬಂದಿಳಿದು, "ಆ ಕಡೆ ಜನಕ್ಕೆ ಚಿತ್ರಕಲೆ ಅಂದ್ರೆ ಎಂಥ ಗೌರವ ಗೊತ್ತೇನೇ!" ಅಂದರು. ಚಿತ್ರ ನೋಡಿ ಯಾರೂ ಚೀಲಗಟ್ಟಲೆ ಕಾಯಿ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಕಾಯಿ ಎಣಿಸಿ ಒಳಗಿಟ್ಟೆ.

ಎಂಟು ದಿನ ಬಿಟ್ಟು ಬಲಗಡೆ ಹೊಲದವನು ಬಾಳೆಗೊನೆ ಹೊತ್ತು ನಮ್ಮ ಜಗಲಿಗೆ ಬಂದ. "ನಮ್ಮಪ್ಪ ನೆಟ್ಟ ಮರ ಸ್ವಾಮಿ. ನೀವು ಆ ಕಡೀಕೆ ತಳ್ಳಿದ್ರಂತೆ." ಇವರಿಗೆ ಆಗ ಜ್ಞಾನೋದಯವಾಗಿ, ಇದು ಸರ್ವೆಯಲ್ಲ, ಬರೀ ಪಟ ಅಂತ ಎಷ್ಟು ಬಿಡಿಸಿ ಹೇಳಿದರೂ ಆತ ಏಳಲೊಲ್ಲ. "ಪಟದಾಗಾದ್ರೂ ನಮ್ಮ ಮರ ನಮ್ಮ ಕಡೇನೇ ಇರ್ಲಿ" ಅಂತ ಅಲ್ಲೇ ಕೂತ. ಕೊನೆಗೆ ಇವರು ಮರವನ್ನು ಬಲಗಡೆಗೆ ಹಾಕಿ ಇನ್ನೊಂದು ಚಿತ್ರ ಬರೆದುಕೊಟ್ಟರು. ನ್ಯಾಯ ಅಂದರೆ ನ್ಯಾಯ ಅಂತ ಮೊದಲನೆಯದನ್ನು ಗೌಡರಿಗೇ ಕಳಿಸಿಕೊಟ್ಟರು.

ತಿಂಗಳೊಳಗೆ ಬೇಲೂರಿನ ತಾಲ್ಲೂಕು ಕಚೇರಿಯಿಂದ ಕರೆ ಬಂತು. ಅಮಲ್ದಾರರ ಮೇಜಿನ ಮೇಲೆ ಎರಡೂ ಚಿತ್ರ. ಎರಡರ ಕೆಳಗೂ ಇವರದೇ ರುಜು. ವಾದಿ, ಪ್ರತಿವಾದಿ ಇಬ್ಬರೂ ಕೈಮುಗಿದು ನಿಂತಿದ್ದಾರೆ. ಅಮಲ್ದಾರರು ಒಂದನ್ನು ನೋಡಿ, ಇನ್ನೊಂದನ್ನು ನೋಡಿ, ಕನ್ನಡಕ ತೆಗೆದು ಹೇಳಿದರಂತೆ:

"ಮೇಷ್ಟ್ರೇ, ಚಿತ್ರ ಬಹಳ ಚೆನ್ನಾಗಿದೆ. ಮರಕ್ಕೆ ಕಾಲು ಬರೆಯೋದೊಂದು ಮರೆತಿದೀರಿ."

೩. ತಾವರೆ

ಇದರಲ್ಲಿ ಸ್ವಲ್ಪ ನನ್ನ ಕೈವಾಡವೂ ಇದೆ.

ಹಳೇಬೀಡಿನ ಕೆರೆಯಲ್ಲಿ ತಾವರೆ ತುಂಬಿದೆ ಅಂತ ಸುದ್ದಿ ಬಂದು, ಬುತ್ತಿ ಕಟ್ಟಿಕೊಂಡು ಇಬ್ಬರೂ ಹೋದೆವು. ಹಿಂದಿನ ದಿನವೇ ಹೋಗಿ ಬಸ್ತಿಹಳ್ಳಿಯಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಬಿಸಿಲೇರುವ ಮುಂಚೆ ಇವರು ನೀರಿನ ಕಡೆ ಮುಖ, ದೇವಸ್ಥಾನದ ಕಡೆ ಬೆನ್ನು ಮಾಡಿ ಕೂತರು. ಊರೂರಿಂದ ಜನ ಆ ದೇವಸ್ಥಾನ ನೋಡಲು ಬರುವಾಗ ಒಬ್ಬ ಮನುಷ್ಯ ಅದಕ್ಕೆ ಬೆನ್ನು ಹಾಕಿ ಕೂತರೆ ಯಾರು ಸುಮ್ಮನಿರುತ್ತಾರೆ? ಹೋಗುವವರು ಬರುವವರೆಲ್ಲ, "ಸ್ವಾಮಿ, ದೇವಸ್ಥಾನ ಈ ಕಡೆ ಐತೆ" ಅನ್ನುವವರೇ. ಇವರು ಬಣ್ಣದಲ್ಲಿ ಮುಳುಗಿ ಯಾರಿಗೂ ತಿರುಗಿ ಉತ್ತರ ಕೊಡಲಿಲ್ಲ.

ಕೊನೆಗೆ ಒಬ್ಬ ಅಜ್ಜ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ತಾಯೀ, ಯಜಮಾನರಿಗೆ ಕಣ್ಣು ಕಾಣಾಕಿಲ್ವಾ?"

ಅದೇನು ಬುದ್ಧಿ ಬಂತೋ ನನಗೆ. "ಸ್ವಲ್ಪ ಕಮ್ಮಿ, ಅಜ್ಜ" ಅಂದುಬಿಟ್ಟೆ.

ಅಜ್ಜನ ಕರುಳು ಕರಗಿತು. ನೆಟ್ಟಗೆ ಹೋಗಿ ಇವರ ರಟ್ಟೆ ಹಿಡಿದು ಎಬ್ಬಿಸಿ, "ಬನ್ನಿ ಸ್ವಾಮಿ, ನಾನು ತೋರಿಸ್ತೀನಿ" ಅಂತ ನಡೆಸಿಕೊಂಡು ಹೋದರು. ಇವರು ಬೇಡ ಬೇಡ ಅಂದಷ್ಟೂ ಅಜ್ಜ, "ಮೆಟ್ಲು ಐತೆ, ನಿಧಾನ" ಅನ್ನುತ್ತಿದ್ದರು. ಇವರ ಕೈಯನ್ನು ಗೋಡೆಯ ಮೇಲಿಟ್ಟು, "ಮುಟ್ಟಿ ನೋಡಿ, ಇದು ಆನೆ. ಇದೂ ಆನೆ. ಇದೂ ಆನೆ." ಆ ಗೋಡೆಯಲ್ಲಿ ಆನೆಗಳೇನು ಒಂದೆರಡೇ? ಒಂದು ಸುತ್ತು ಮುಗಿಸಿ ಬರುವ ಹೊತ್ತಿಗೆ ಬಿಸಿಲೇರಿ ತಾವರೆಗಳೆಲ್ಲ ಮುಚ್ಚಿಕೊಂಡಿದ್ದವು.

"ನಾನು ಕುರುಡ ಅಂತ ಆ ಅಜ್ಜನಿಗೆ ಯಾರು ಹೇಳಿದ್ರೋ!" ಅಂತ ಇವರು ದಾರಿಯುದ್ದಕ್ಕೂ ಕೇಳುತ್ತಲೇ ಬಂದರು. ನಾನು, "ಯಾರೋ ನಿಮ್ಮ ಚಿತ್ರ ನೋಡಿದವರಿರಬೇಕು" ಅಂದೆ.

೪. ಅಭಿಪ್ರಾಯದ ಪುಸ್ತಕ

ಒಂದು ಯುಗಾದಿಗೆ ಸ್ಕೂಲಿನ ಹಾಲಿನಲ್ಲಿ ಇವರ ಹೂವಿನ ಚಿತ್ರಗಳ ಪ್ರದರ್ಶನ ಏರ್ಪಾಡಾಯಿತು. ಹೆಡ್‌ಮಾಸ್ಟರು ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಹೊಸ ನೋಟ್‌ಬುಕ್ಕು ಇಡಿಸಿದ್ದರು. ನೋಡಿದವರು ಅದರಲ್ಲಿ ಅಭಿಪ್ರಾಯ ಬರೆಯಬೇಕು. ಬೆಳಗಿನಿಂದ ಮಧ್ಯಾಹ್ನದವರೆಗೆ ಬಂದದ್ದು ಮೂರು ಜನ. ಅವರಲ್ಲಿ ಒಬ್ಬರು ಮಳಿಗೆ ಅಂದುಕೊಂಡು ಬಂದು, ಹತ್ತಿ ಬಟ್ಟೆ ಇದೆಯಾ ಅಂತ ಕೇಳಿ ಹೋದರು. ಇವರು ಕುರ್ಚಿಯ ಮೇಲೆ ಕೂತು ಸೇವಂತಿಗೆಯ ಚಿತ್ರವನ್ನೇ ನೋಡುತ್ತಿದ್ದರು. ಮುಖ ನೋಡಲಾಗಲಿಲ್ಲ.

ನಾನು ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಒಂದು ಗಳಿಗೆ ಯೋಚಿಸಿ, "ಬೆಲ್ಲ ಕುಟ್ಟು" ಅಂದರು. ಎರಡು ಕೊಳಗ ಪಾನಕ, ಒಂದು ಬೇಸಿನ್ ಕೋಸಂಬರಿ ಆಯಿತು. ಹಾಲಿನ ಆ ಕೊನೆಯ ಗೋಡೆಯ ಹತ್ತಿರ ಇಟ್ಟೆವು. ಪಾನಕ ಬೇಕಾದವರು ಎಲ್ಲ ಹೂವನ್ನೂ ದಾಟಿಕೊಂಡೇ ಬರಬೇಕು. ಸುದ್ದಿ ಸ್ಟೇಷನ್ನಿನವರೆಗೂ ಹೋಯಿತು. ರೈಲು ಬದಲಾಯಿಸಲು ಇಳಿದವರೂ ಬಂದರು. ಮುತ್ತುಗದ ಮುಂದೆ ನೂಕುನುಗ್ಗಲು! ಇವರು ಎದೆ ಉಬ್ಬಿಸಿಕೊಂಡು ಓಡಾಡಿದರು.

ಸಂಜೆ ಬಾಗಿಲು ಹಾಕಿದ ಮೇಲೆ ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು ನೋಟ್‌ಬುಕ್ಕು ಓದಿದರು. ಮೊದಲನೆಯದು: "ಏಲಕ್ಕಿ ಸಾಲದು." ಎರಡನೆಯದು: "ಕೋಸಂಬರಿಗೆ ಉಪ್ಪು ಒಂದು ಕಲ್ಲು ಮುಂದು." ಹೀಗೇ ನಾಲ್ಕು ಪುಟ. ಕೊನೆಯದನ್ನು ಓದುವ ಮುಂಚೆ ಅವರ ಮುಖ ಅರಳಿತು. "ಮೇಷ್ಟ್ರೇ, ಇಲ್ಲೊಂದು ನಿಮ್ಮ ಮೇಲೆ ಇದೆ" ಅಂದರು.

ಅದರಲ್ಲಿ ಹೀಗಿತ್ತು: "ಪಾನಕ ಅಮೃತ. ಮೇಷ್ಟ್ರು ಮುಂದಿನ ವರ್ಷವೂ ತಪ್ಪದೆ ಚಿತ್ರ ಬರೆಯಲಿ."

೫. ಎಲೆಕೋಸು

ಬೇಲೂರಿನ ಹೆಂಗಸರ ಸಮಾಜದವರು ಸಂಕ್ರಾಂತಿಗೆ ರಂಗೋಲಿ ಪಂದ್ಯ ಇಟ್ಟಾಗ, ತೀರ್ಪು ಹೇಳಲು ಇವರನ್ನು ಕರೆಸಿದರು. ಯುದ್ಧದ ಕಾಲ. ಇದ್ದಿಲು ಉರಿಸುವ ಬಸ್ಸಿನಲ್ಲಿ ಕೆಮ್ಮುತ್ತಾ ಇಬ್ಬರೂ ಹೋದೆವು. ಅತ್ತೆ ವಾರದ ಮುಂಚೆಯೇ ಬೇಲೂರಿನಲ್ಲಿದ್ದ ಮಗಳ ಮನೆಗೆ ಹೋಗಿದ್ದರು.

ಅಂಗಳದ ತುಂಬಾ ರಂಗೋಲಿ. ಎಲ್ಲರೂ ತಾವರೆಯನ್ನೇ ಬರೆಯಬೇಕೆಂದು ಕಟ್ಟಳೆ. ಹೆಸರಿಲ್ಲ, ಪಕ್ಕದಲ್ಲಿ ಬರೀ ನಂಬರಿನ ಚೀಟಿ. ಬರೆದವರು ದೂರದಲ್ಲಿ ಗುಂಪಾಗಿ ನಿಂತಿದ್ದರು. ಇವರು ಕೈ ಹಿಂದೆ ಕಟ್ಟಿಕೊಂಡು, "ಇದರ ಎಸಳು ಚೆನ್ನ", "ಇದಕ್ಕೆ ದಂಟು ಗಿಡ್ಡ" ಅನ್ನುತ್ತಾ ಬಂದರು. ಹನ್ನೊಂದನೆಯದರ ಮುಂದೆ ನಿಂತು ಗಟ್ಟಿಯಾಗಿ ನಕ್ಕುಬಿಟ್ಟರು.

"ಇದು ತಾವರೆ ಅಲ್ಲ ಕಣ್ರೀ, ಎಲೆಕೋಸು!"

ಅಮಲ್ದಾರರ ಹೆಂಡತಿ ನಕ್ಕರು. ಅವರು ನಕ್ಕ ಮೇಲೆ ಎಲ್ಲರೂ ನಕ್ಕರು. ಆಗ ಗುಂಪಿನೊಳಗಿಂದ ಒಂದು ದನಿ: "ಹನ್ನೊಂದು ನಂದು ಕಣೋ!"

ನಮ್ಮತ್ತೆ!

ಇವರ ಮುಖದಲ್ಲಿ ರಕ್ತವಿರಲಿಲ್ಲ. ನಾನು ಆಗ ರಂಗೋಲಿಯನ್ನು ಸರಿಯಾಗಿ ನೋಡಿದೆ. ಗೆರೆಯೆಲ್ಲ ನಡುಗಿತ್ತು. ಎಪ್ಪತ್ತು ದಾಟಿದ ಬೆರಳು. ಸಣ್ಣವರಿದ್ದಾಗ ಇವರಿಗೆ ಮೊದಲ ಗೆರೆ ಎಳೆಯಲು ಕಲಿಸಿದ್ದೇ ಆ ಕೈ ಅಂತ ಇವರೇ ನನಗೆ ಎಷ್ಟೋ ಸಲ ಹೇಳಿದ್ದರು.

ಆದರೆ ಅತ್ತೆಯ ಮುಖ ಅರಳಿತ್ತು. ನನ್ನನ್ನು ಪಕ್ಕಕ್ಕೆಳೆದು, "ಎಲೆಕೋಸು ಅಂದ್ರೆ ಏನೇ? ಎಲ್ಲರೂ ಅಷ್ಟೊಂದು ಸಂತೋಷಪಟ್ಟರಲ್ಲ!" ಅಂದರು. ನಮ್ಮ ಮನೆಗೆ ಅವರೆ, ಬದನೆ, ಕುಂಬಳ ಬಿಟ್ಟರೆ ಬೇರೆ ತರಕಾರಿ ಬಂದದ್ದೇ ಇಲ್ಲ.

ನಾನು ಒಂದು ಸುಳ್ಳೂ ಹೇಳಲಿಲ್ಲ. "ಬೆಂಗಳೂರಲ್ಲಿ ಬೆಳೆಯುತ್ತೆ, ಅತ್ತೆ. ಎಸಳಿನ ಮೇಲೆ ಎಸಳು ಇರುತ್ತೆ. ದೊರೆಗಳಿಗೆ ಅದು ಅಂದ್ರೆ ಪ್ರಾಣ" ಅಂದೆ.

"ಹಾಗಾದ್ರೆ ತಾವರೆಗಿಂತ ಮೇಲು ಅನ್ನು" ಅಂದರು ಅತ್ತೆ. ಬಹುಮಾನ ಬೇರೆ ಯಾರಿಗೋ ಹೋಯಿತು. ಅದನ್ನು ಅವರು ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ.

ಊರಿಗೆ ಬಂದ ಮೇಲೆ ಮಗನಿಗೆ ಅಪ್ಪಣೆಯಾಯಿತು: "ನನಗೆ ಆ ಹೂವಿನ ಪಟ ಬೇಕು ಕಣೋ." ಮಾಡಿದ ತಪ್ಪಿಗೆ ಇವರು ಬಾಯಿ ತೆರೆಯುವ ಹಾಗಿರಲಿಲ್ಲ. ಪರಿಚಯದ ರೈಲ್ವೆ ಗಾರ್ಡಿಗೆ ಹೇಳಿ ಬೆಂಗಳೂರಿನಿಂದ ಒಂದು ಎಲೆಕೋಸು ತರಿಸಿ, ಸ್ಕೂಲಿನಲ್ಲೇ ಬಾಗಿಲು ಹಾಕಿಕೊಂಡು ನಾಲ್ಕು ದಿನ ಬರೆದರು. ತಿಳಿಹಸಿರು ಎಸಳು, ಒಂದೊಂದರಲ್ಲೂ ಎಳೆ ಎಳೆ ನರ, ಅಂಚಿನಲ್ಲಿ ಒಂದು ಹನಿ ನೀರು. ಸತ್ಯವಾಗಿ ಹೇಳುತ್ತೇನೆ, ಇವರು ಅಷ್ಟು ಚೆನ್ನಾಗಿ ಇನ್ನೇನನ್ನೂ ಬರೆದಿಲ್ಲ. ಅತ್ತೆ ಅದನ್ನು ದೇವರ ಮನೆಯಲ್ಲಿ ಲಕ್ಷ್ಮಿಯ ಪಕ್ಕ ಇಟ್ಟು ಶುಕ್ರವಾರ ಶುಕ್ರವಾರ ಅರಿಶಿನ ಕುಂಕುಮ ಏರಿಸತೊಡಗಿದರು.

ಆ ವರ್ಷ ಗೌರಿಹಬ್ಬಕ್ಕೆ ಅತ್ತೆಯ ತಮ್ಮ ಬಂದರು. ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದು ಪೆನ್ಷನ್ ಆದವರು. ಜರಿ ಪಂಚೆ, ಬೆಳ್ಳಿ ಹಿಡಿಯ ಬೆತ್ತ. ತಾಯಿ ಸತ್ತ ಮೇಲೆ ಅವರನ್ನು ಎತ್ತಿ ಸಾಕಿದ್ದು ಅಕ್ಕ. ಹಾಗಾಗಿ ಊರಿಗೆಲ್ಲ ಹುಲಿಯಾದರೂ ಅಕ್ಕನ ಮುಂದೆ ಬೆಕ್ಕು. ನಮಸ್ಕಾರ ಮಾಡಲು ದೇವರ ಮನೆಗೆ ಹೋದವರು ಬಗ್ಗಿದವರು ಬಗ್ಗಿದ ಹಾಗೇ ಪಟ ನೋಡುತ್ತಾ ನಿಂತರು.

"ಅಕ್ಕ, ಇದು... ಇದನ್ನ ನಾನು ಬೆಂಗಳೂರಲ್ಲಿ ತಿಂದಿದೀನಲ್ಲ!"

ಅತ್ತೆಯ ಕೈಯಲ್ಲಿದ್ದ ಗಂಟೆ ನಿಂತಿತು. "ಏನಂದೆ? ತಿಂದ್ಯಾ? ಹೂವನ್ನ?"

"ಪಲ್ಯ ಮಾಡಿದ್ರು, ಅಕ್ಕ..."

ಅತ್ತೆಯ ಬೆನ್ನ ಹಿಂದೆ ಇವರು ಎರಡೂ ಕೈ ಮುಗಿದು, ಕಣ್ಣಲ್ಲೇ ಬೇಡುತ್ತಾ ನಿಂತಿದ್ದರು. ಪಕ್ಕದಲ್ಲಿ ನಾನೂ ಸೆರಗೊಡ್ಡಿದ್ದೆ. ಅವರು ನಮ್ಮಿಬ್ಬರನ್ನೂ ನೋಡಿದರು, ಪಟ ನೋಡಿದರು, ಅಕ್ಕನನ್ನು ನೋಡಿದರು. ಬುದ್ಧಿವಂತರು, ಬಾಯಿ ಮುಚ್ಚಿಕೊಂಡರು.

"ದೇವರಿಗೆ ಏರಿಸೋ ಹೂವನ್ನ ಒಗ್ಗರಣೆ ಹಾಕಿ ತಿಂದ್ಯೇನೋ ಪಾಪಿ! ತಪ್ಪಾಯ್ತು ಅಂತ ಕೆನ್ನೆಗೆ ಬಡ್ಕೋ!"

ಜರಿ ಪಂಚೆಯ ಆ ಹಿರಿಯರು ಬೆತ್ತವನ್ನು ನನ್ನ ಕೈಗೆ ಕೊಟ್ಟು, ಎಲೆಕೋಸಿನ ಮುಂದೆ ನಿಂತು, ಎರಡೂ ಕೆನ್ನೆಗೆ ಪಟಪಟ ಬಡಿದುಕೊಂಡರು.

"ಅಷ್ಟು ಸಾಲದು. ಎಷ್ಟು ಸಲ ತಿಂದಿದೀಯೋ ಅಷ್ಟು ಸಲ ಬಡ್ಕೋ" ಅಂದರು ಅತ್ತೆ.

ಅವರು ಕಣ್ಣು ಮುಚ್ಚಿ ಬೆಂಗಳೂರಿನ ಮೂವತ್ತು ವರ್ಷವನ್ನು ನೆನೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಒಂದು ಕುರ್ಚಿ ತಂದು ಹಾಕಮ್ಮ. ಇದು ನಿಂತುಕೊಂಡು ಮುಗಿಯೋ ಕೆಲಸ ಅಲ್ಲ."