ಬಾಲವಿಲ್ಲದ ಹೆಲಿಕಾಪ್ಟರ್

ರಿಯಾಜ್ ತನ್ನ ಹೆಲಿಕಾಪ್ಟರಿನ ಬಾಲ ಕತ್ತರಿಸಿದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಬಾಲದ ತುದಿಯ ಪುಟ್ಟ ಪಂಖ ಸುಮ್ಮನೆ ಇಂಧನ ಕುಡಿಯುತ್ತದೆ ಎಂಬುದು ಅವನ ವಾದ. ಕತ್ತರಿಸಿದ ಮೇಲೆ ಇಂಧನವೇನೋ ಉಳಿಯಿತು. ಆದರೆ ಹೆಲಿಕಾಪ್ಟರ್ ನೆಲ ಬಿಟ್ಟ ಕೂಡಲೇ ಬುಗುರಿಯಂತೆ ಗಿರ್ರನೆ ಸುತ್ತತೊಡಗಿತು. ಸುತ್ತು ನಿಲ್ಲಿಸಲು ನೆತ್ತಿಯ ಮೇಲೆ ಎರಡು ಪಂಖ ಕೂರಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ತಿರುಗಿಸಿದ. ಸುತ್ತು ನಿಂತಿತು, ಇಂಧನ ಮತ್ತೆ ಸೋರತೊಡಗಿತು. ಕೊನೆಗೆ ಪಂಖದ ರೆಕ್ಕೆಗಳನ್ನು ಉದ್ದ ಮಾಡಿ, ನಿಧಾನಕ್ಕೆ ತಿರುಗಿಸಿ, ಹೇಗೋ ಹದಕ್ಕೆ ತಂದ. ಅಷ್ಟರಲ್ಲಿ ಮೂರು ತಿಂಗಳ ಭಾನುವಾರಗಳು ಆಹುತಿಯಾಗಿದ್ದವು.

ಇದೆಲ್ಲ ನಡೆದದ್ದು ಯಲಹಂಕದ ವಾಯುನೆಲೆಯಲ್ಲಲ್ಲ. ಪುಟ್ಟೇನಹಳ್ಳಿಯ ಬಾಡಿಗೆ ಮನೆಯ ಹಾಲಿನಲ್ಲಿ, ಲ್ಯಾಪ್‌ಟಾಪಿನ ಆಟವೊಂದರೊಳಗೆ. ವಾರದ ಉಳಿದ ದಿನ ರಿಯಾಜ್ ಆರ್.ಟಿ. ನಗರದ ಟೈಲ್ಸ್ ಅಂಗಡಿಯಲ್ಲಿ ಮ್ಯಾನೇಜರ್.

ಇಂದು ಸಂಜೆ ಐದಕ್ಕೆ ಆ ಆಟದವರ ಸ್ಪರ್ಧೆ. ತಾವೇ ಕಟ್ಟಿದ ಹೆಲಿಕಾಪ್ಟರನ್ನು ಸಮುದ್ರ ದಾಟಿಸಿ ದ್ವೀಪದಲ್ಲಿ ನೆಟ್ಟಗೆ ಇಳಿಸಬೇಕು. ಸಿಗುವುದು ಒಂದೇ ಅವಕಾಶ. ಯಾರ ಟ್ಯಾಂಕಿನಲ್ಲಿ ಹೆಚ್ಚು ಇಂಧನ ಉಳಿಯುತ್ತದೋ ಅವರು ಈ ಸುತ್ತು ಗೆದ್ದಂತೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೆಂಡತಿ ರುಮಾನಾ ತನ್ನ ಷರತ್ತನ್ನೂ ಹಾಕಿದ್ದಳು.

“ಇವತ್ತು ಅದು ಇಳಿದ್ರೆ ಭಾನುವಾರಾನ ಅದಕ್ಕೇ ಬಿಟ್ಕೊಡ್ತೀನಿ, ತುಟಿ ಪಿಟಕ್ ಅನ್ನಲ್ಲ. ಮುಳುಗಿದ್ರೆ ನಿಮ್ಮ ಕೈಯಾರೆ ಆ ಆಟ ಅಳಿಸ್ಬೇಕು. ಸರೀನಾ?”

ರಿಯಾಜ್ ಗಂಟಲಲ್ಲಿ ಸಿಕ್ಕಿದ ಇಡ್ಲಿಯ ಸಮೇತ ಒಪ್ಪಿಕೊಂಡ.

ಐದಕ್ಕೆ ಇನ್ನೇನು ಹತ್ತು ನಿಮಿಷ ಇದೆ ಎನ್ನುವಾಗ ಕರೆಂಟು ಹೋಯಿತು. ಅವನ ಹಳೇ ಲ್ಯಾಪ್‌ಟಾಪು ವೈರ್ ಕಿತ್ತರೆ ಪ್ರಾಣ ಬಿಡುವಂಥದ್ದು. ಅದನ್ನೂ ಜಾಯ್‌ಸ್ಟಿಕ್ಕನ್ನೂ ಎದೆಗವಚಿಕೊಂಡು ಮಹಡಿ ಹತ್ತಿ, ಯುಪಿಎಸ್ ಇರುವ ಬದರೀನಾಥರ ಮನೆ ಬಾಗಿಲು ಬಡಿದ.

ನಿವೃತ್ತರಾದ ಮೇಲೆ ಬದರೀನಾಥರು ಇಡೀ ಬೀದಿಯ ಗಾಡಿಗಳ ಮೈಲೇಜನ್ನು ತಮ್ಮ ಹೊಣೆ ಮಾಡಿಕೊಂಡಿದ್ದರು. ವಿಷಯ ಕೇಳಿ ಅವರ ಮುಖ ಅರಳಿತು. “ಪೆಟ್ರೋಲ್ ಉಳಿಸೋ ಸ್ಪರ್ಧೇನಾ? ಮೊದಲೇ ನನ್ನ ಹತ್ರ ಬರೋದಲ್ವೇನ್ರೀ!” ಎಂದು ಪಕ್ಕದಲ್ಲೇ ಕುರ್ಚಿ ಎಳೆದು ಕೂತರು. ನೀರಿನ ಟ್ಯಾಂಕ್ ನೋಡಲು ಬಂದಿದ್ದ ಮನೆ ಮಾಲಕಿ ಮುನಿಕೆಂಪಮ್ಮನೂ ಒಳಗೆ ಬಂದಳು.

ಹೆಲಿಕಾಪ್ಟರ್ ಮೇಲೆದ್ದಿತು. ರಿಯಾಜ್ ಜಾಯ್‌ಸ್ಟಿಕ್ಕನ್ನು ಬಿಗಿಯಾಗಿ ಹಿಡಿದು ಅದನ್ನು ಸಮುದ್ರದತ್ತ ತಿರುಗಿಸಿದ.

“ಇದಕ್ಯಾಕಪ್ಪಾ ಬಾಲ್ವೇ ಇಲ್ಲ?” ಮುನಿಕೆಂಪಮ್ಮ ಕೇಳಿದಳು. “ಬಾಲ ಇಲ್ದಿರೋ ಕರ ನೊಣ ಎಂಗೆ ಓಡುಸ್ತದೆ?”

“ಅಮ್ಮಾ, ದಯವಿಟ್ಟು ಸುಮ್ನಿರಿ.”

ಕೆಳಗೆ ಬರೀ ನೀರು. ಅಡ್ಡಗಾಳಿ ಬೀಸಿ ಮೂತಿ ಬಲಕ್ಕೆ ತಿರುಗಿತು. ರಿಯಾಜ್ ಎಳೆದು ಸರಿಮಾಡಿದರೆ ಎಡಕ್ಕೆ ತಿರುಗಿತು. ಬದರೀನಾಥರು “ಹತ್ತಿಸಿ, ಹತ್ತಿಸಿ, ಎತ್ತರದಲ್ಲಿ ಗಾಳಿ ಕಮ್ಮಿ ಇರುತ್ತೆ” ಎಂದರು. ಬೇಡವೆನ್ನಲು ಪುರುಸೊತ್ತಿಲ್ಲದೆ ಅವನು ಹತ್ತಿಸಿದ. ಇಂಧನದ ಮುಳ್ಳು ಸರಸರ ಇಳಿಯಿತು. ಇಷ್ಟು ದಿನದ ಬೆವರು ಮುಳ್ಳಿನ ಜೊತೆಗೇ ಇಳಿದುಹೋಗುತ್ತಿರುವುದು ಕಂಡು ಅವನಿಗೆ ಅಳುವೇ ಬಂತು. ಅಷ್ಟರಲ್ಲಿ ಗಂಡನನ್ನು ಹುಡುಕುತ್ತ ಬಂದ ರುಮಾನಾ ಅವನ ಬೆನ್ನ ಹಿಂದೆ ಕೈಕಟ್ಟಿ ನಿಂತಳು. ಹಿಂದೆ ನೋಡುವ ಧೈರ್ಯ ಅವನಿಗಿರಲಿಲ್ಲ.

ಅಂತೂ ದ್ವೀಪ ಕಂಡಿತು, ಆದರೆ ಹೆಲಿಕಾಪ್ಟರ್ ಇನ್ನೂ ಮುಗಿಲಲ್ಲಿತ್ತು.

“ಇಂಜಿನ್ ಸ್ವಿಚ್ ಯಾವುದ್ರೀ?” ಬದರೀನಾಥರು ಮೆಲ್ಲಗೆ ಕೇಳಿದರು.

ರಿಯಾಜ್ ತೆರೆಯಿಂದ ಕಣ್ಣು ಕೀಳದೆ ಕೀಬೋರ್ಡಿನ ಕೀಲಿಯೊಂದನ್ನು ತೋರಿಸಿದ. ಬದರೀನಾಥರು ಅದನ್ನು ಟಪ್ಪನೆ ಒತ್ತಿಯೇಬಿಟ್ಟರು.

ಗರಗರ ಸದ್ದು ನಿಂತಿತು. ರಿಯಾಜನ ಜೀವ ಬಾಯಿಗೆ ಬಂತು. “ಏನ್ ಸಾರ್ ಮಾಡಿದ್ರಿ!”

“ಇಳಿಜಾರಲ್ಲಿ ಯಾರಾದ್ರೂ ಇಂಜಿನ್ ಆನ್ ಇಟ್ಕೊಂಡಿರ್ತಾರೇನ್ರೀ? ನಾನು ಹೆಬ್ಬಾಳ ಫ್ಲೈಓವರ್ ಇಳಿಯುವಾಗೆಲ್ಲ ಆಫ್ ಮಾಡ್ಕೊಂಡೇ ಬರೋದು. ಎಷ್ಟು ಉಳಿಯುತ್ತೆ ಗೊತ್ತಾ!”

“ಇದು ಸ್ಕೂಟರ್ ಅಲ್ಲ ಸಾರ್!” ರಿಯಾಜ್ ಮತ್ತೆ ಮತ್ತೆ ಕೀಲಿ ಒತ್ತಿದ. ಆರಿದ ಇಂಜಿನ್ ಹೊತ್ತಿಕೊಳ್ಳಲು ಅರ್ಧ ನಿಮಿಷ ಬೇಕು. ಬೀಳಲು ಅಷ್ಟು ಬೇಕಿರಲಿಲ್ಲ. ದ್ವೀಪ ದೊಡ್ಡದಾಗುತ್ತ ಬಂತು. ಅವನು ಜಾಯ್‌ಸ್ಟಿಕ್ ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಸರೀರಿ ಆ ಕಡೆ!”

ರುಮಾನಾ ಅವನ ಭುಜದ ಮೇಲಿಂದ ಬಾಗಿ ಜಾಯ್‌ಸ್ಟಿಕ್ ಹಿಡಿದಿದ್ದಳು. “ರೆಕ್ಕೆ ಇನ್ನೂ ಸುತ್ತುತಿದೆ! ಕೆಳಗಿಂದ ಬರೋ ಗಾಳಿಗೇ ಸುತ್ತುತಿದೆ!” ಎಂದು ಅದನ್ನು ಹಾಗೇ ಬೀಳಲು ಬಿಟ್ಟಳು. ಮುನಿಕೆಂಪಮ್ಮ “ಅಯ್ಯೋ ಸಿವ್ನೇ” ಎಂದು ಕಣ್ಣು ಮುಚ್ಚಿದಳು. ನೆಲ ಇನ್ನೇನು ಮೂಗಿಗೆ ತಾಗಬೇಕು, ಅಷ್ಟರಲ್ಲಿ ರುಮಾನಾ ರೊಟ್ಟಿ ಮಗುಚುವವಳ ಹಾಗೆ ಮಣಿಕಟ್ಟು ಎತ್ತಿದಳು. ಉದ್ದನೆಯ ರೆಕ್ಕೆಗಳು ಗಾಳಿಯನ್ನು ತಬ್ಬಿ ಹಿಡಿದವು. ಹೆಲಿಕಾಪ್ಟರ್ ಒಮ್ಮೆ ತೂಗಿ, ಮರಳ ಮೇಲೆ ಮೆತ್ತಗೆ ಕುಳಿತಿತು.

ತೆರೆಯ ಮೇಲೆ ಫಲಿತಾಂಶ ಮೂಡಿತು: ಉಳಿದ ಇಂಧನದಲ್ಲಿ ರಿಯಾಜನ ಹೆಲಿಕಾಪ್ಟರಿಗೆ ಮೊದಲ ಸ್ಥಾನ, ಅಂತಿಮ ಸುತ್ತು ಮುಂದಿನ ತಿಂಗಳು.

“ನಾನ್ ಹೇಳ್ಲಿಲ್ವಾ!” ಎಂದು ಬದರೀನಾಥರು ತೊಡೆ ತಟ್ಟಿಕೊಂಡರು.

ರಿಯಾಜ್ ಕುಣಿದಾಡಿದ. ಹೋದ ಜೀವ ಮರಳಿ ಬಂದಿತ್ತು. “ಇಳೀತಲ್ವಾ? ಮಾತಂದ್ರೆ ಮಾತು! ಇನ್ಮೇಲೆ ಭಾನುವಾರ ಪೂರ್ತಿ ಹೆಲಿಕಾಪ್ಟರಿಗೇ!”

“ಖಂಡಿತ,” ಎಂದಳು ರುಮಾನಾ. ಅವನು ಕುಣಿಯಲು ಎದ್ದಾಗ ಖಾಲಿಯಾದ ಕುರ್ಚಿಯಲ್ಲಿ ಅವಳಾಗಲೇ ಕುಳಿತಾಗಿತ್ತು. ಕಣ್ಣು ತೆರೆಯ ಮೇಲೆ, ಕೆನ್ನೆ ಕೆಂಪೇರಿತ್ತು. “ಫೈನಲ್‌ಗೆ ದಿನ ಕಮ್ಮಿ ಇದೆ, ಪ್ರತಿ ಭಾನುವಾರ ಪ್ರಾಕ್ಟೀಸ್ ಮಾಡ್ಬೇಕು. ನಾನು ಹಾರಿಸ್ತೀನಿ. ಅಡುಗೆ, ಬಟ್ಟೆ ನೀವು ನೋಡ್ಕೊಳ್ಳಿ.”

“ಅದು ನನ್ನ ಹೆಲಿಕಾಪ್ಟರು!”

“ನೀನು ಮುಖ ಮುಚ್ಕೊಂಡಿದ್ದಲ್ಲಪ್ಪಾ,” ಎಂದು ಮುನಿಕೆಂಪಮ್ಮ ತೀರ್ಪು ಕೊಟ್ಟಳು. “ಇಳ್ಸಿದ್ದು ಆ ಮಗೀನೇ.”

ರಿಯಾಜ್ ಅನ್ಯಾಯ ಅನ್ಯಾಯ ಎನ್ನುತ್ತ ಜಾಯ್‌ಸ್ಟಿಕ್ಕಿನತ್ತ ಕೈ ಚಾಚಿದ. ರುಮಾನಾ ತಿರುಗಿಯೂ ನೋಡದೆ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು.

“ಸ್ವಲ್ಪ ಆ ಕಡೆ ನಿಂತ್ಕೊಳ್ರೀ. ನೆರಳು ಬೀಳ್ತಿದೆ.”