ಮಂತ್ರಿಗಳು ಹೊಳೆ ದಾಟಿದ್ದು

ಸೇತುವೆ ಉದ್ಘಾಟನೆಯ ದಿನ ಬೆಳಿಗ್ಗೆ ಚೇರ್ಮನ್ ಕಲ್ಲೇಶಪ್ಪ ಅಂಬಿಗ ಓಬಳಪ್ಪನ ಮನೆ ಮುಂದೆ ನಿಂತು ಒಂದು ಮಾತು ಎಸೆದು ಹೋದ.

"ಓಬಳ, ಈ ಸುಗ್ಗೀಲಿ ಕಣದ ಹತ್ರ ಬರ್ಬೇಡ ಕಣೋ. ಸೇತುವೆ ಆಯ್ತಲ್ಲ, ಇನ್ನು ನಿಂಗ್ಯಾಕೆ ಭತ್ತ?"

ಊರನ್ನೆಲ್ಲ ಹರಿಗೋಲಿನಲ್ಲಿ ಭದ್ರಾ ಹೊಳೆ ದಾಟಿಸಿದ್ದಕ್ಕೆ ವರ್ಷಕ್ಕೆ ಮನೆಗೊಂದು ಮೊರ ಭತ್ತ. ಓಬಳಪ್ಪನ ಸಂಸಾರ ನಡೆಯುತ್ತಿದ್ದುದೇ ಅದರಿಂದ. ಬಸುರಿಯರನ್ನು, ಕಾಯಿಲೆಯವರನ್ನು, ಇದೇ ಕಲ್ಲೇಶಪ್ಪನ ಮದುವೆ ದಿಬ್ಬಣವನ್ನು ದಡ ಮುಟ್ಟಿಸಿದವನು ಅವನು. ಮೈ ಉರಿಯದೆ ಇನ್ನೇನಾದೀತು?

"ಇವತ್ತಿಂದ ಈ ಊರಿನ ನಾಯೀನೂ ದಾಟ್ಸಲ್ಲ!" ಎಂದು ಕೂಗಾಡಿ, ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟ.

ಮಧ್ಯಾಹ್ನ ಹೊಸ ಫಜೀತಿ ಶುರುವಾಯಿತು. ತರೀಕೆರೆಯಿಂದ ನೇರ ಬರಬೇಕಿದ್ದ ಮಂತ್ರಿಗಳ ಕಾರು ಎಲ್ಲೆಲ್ಲೋ ಸುತ್ತಿ ಹೊಳೆಯ ಆಚೆ ದಡಕ್ಕೆ ಬಂದು ನಿಂತಿತು. ಶಾಮಿಯಾನ, ಮೈಕು, ಕತ್ತರಿಸಬೇಕಾದ ಟೇಪು ಎಲ್ಲ ಈಚೆ ದಡದಲ್ಲಿ.

"ಸೇತುವೆ ಮೇಲೇ ಬರ್ಲಿ ಬಿಡಿ," ಎಂದರು ಇಂಜಿನಿಯರು.

ಕಲ್ಲೇಶಪ್ಪ ಹೌಹಾರಿದ. "ದಾಟಿ ಬಂದ್ಮೇಲೆ ಉದ್ಘಾಟನೆ ಏನ್ ಬಂತು ಸ್ವಾಮಿ?"

ಪೂಜೆ ಮಾಡಿದ್ದ ಷಡಕ್ಷರಯ್ಯನೂ ದನಿಗೂಡಿಸಿದ. "ಕುಂಬಳಕಾಯಿ ಒಡೆದಿರೋದು ಈ ಕಡೆ. ಹಿತ್ಲು ಬಾಗ್ಲಿಂದ ಗೃಹಪ್ರವೇಶ ಮಾಡ್ತಾರೇನ್ರೀ?"

ಕಾರು ಮತ್ತೆ ಸುತ್ತಿ ಬರುವಷ್ಟರಲ್ಲಿ ಕತ್ತಲಾಗುತ್ತದೆ. ಟೇಪನ್ನೇ ಆಚೆಗೆ ಒಯ್ಯೋಣವೆಂದರೆ ಒಯ್ಯುವವನೂ ಸೇತುವೆ ತುಳಿಯಬೇಕಲ್ಲ! ಇಂಥ ತಲೆಗಳಿಗೆ ಸೇತುವೆ ಒಂದು ಕೇಡು. ಕೊನೆಗೆ ಎಲ್ಲರ ಕಣ್ಣೂ ಹರಿಗೋಲಿನ ಮೇಲೆ ಬಿತ್ತು. ಬೆಳಿಗ್ಗೆಯ ಓಬಳ ಈಗ ಓಬಳಪ್ಪಣ್ಣನಾದ.

"ಓಬಳಪ್ಪಣ್ಣಾ, ಊರ ಮಾನ ಉಳಿಸಪ್ಪ."

"ನಿಮ್ಮ ಮಂತ್ರೀನ ಈಜ್ಕಂಡು ಬರಾಕೇಳು!"

ಹೆಂಡತಿ ಹುಲಿಗೆಮ್ಮ ಅವನನ್ನು ಪಕ್ಕಕ್ಕೆ ಎಳೆದಳು. "ಸುಮ್ಕೆ ಹೋಗು. ಹೊಳೆ ಮಧ್ಯ ಮಂತ್ರೀನ ಕೇಳು. ಇದು ಹೋದ್ರೆ ಹೋಗ್ಲಿ, ಕೆಳಗಿನ ಕಡವಾದ್ರೂ ನಮಗಿರ್ಲಿ ಅನ್ನು. ಅಲ್ಲೇ ದಾಟ್ಸಿಕೊಂಡು ಬದುಕಾನ."

ಡ್ಯಾಮಿನಿಂದ ನೀರು ಬಿಟ್ಟಿದ್ದರು, ಹೊಳೆ ತುಂಬಿತ್ತು. ಬಿಳಿ ಪಂಚೆಯ ಮಂತ್ರಿಗಳನ್ನು ಕೂರಿಸಿಕೊಂಡು ನಡುನೀರಿಗೆ ಬಂದಾಗ ಓಬಳಪ್ಪ ಕೈಮುಗಿದು ಕೇಳಿಕೊಂಡ.

"ನೋಡೋಣಪ್ಪ," ಎಂದರು ಮಂತ್ರಿಗಳು ನಗುತ್ತ.

ಕಚೇರಿ ಕಚೇರಿಯಲ್ಲೂ ಇದೇ ಮಾತು ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಹುಟ್ಟು ತಿರುವಿದ. ಹರಿಗೋಲು ಬುಗುರಿಯಂತೆ ಸುತ್ತತೊಡಗಿತು.

"ನೋಡಾಣ ಅಂದ್ರೆ ಏನ್ ಸ್ವಾಮಿ? ಆಯ್ತದೋ ಇಲ್ವೋ ಹೇಳಿ!"

"ಅಯ್ಯಯ್ಯೋ, ನಿಲ್ಲಿಸಯ್ಯ! ಎಲ್ಲಿದೆ ಆ ಕಡವು? ನನಗೆ ಗೊತ್ತೇ ಇಲ್ಲ!"

"ಮುದ್ದಪ್ಪನ ಹೊಲದ ಕೆಳಗೆ. ಸಂತೆ ಜನ ಎಲ್ಲಾ ಅಲ್ಲೇ ದಾಟೋದು."

"ಅವರೆಲ್ಲ ಹಿಂಗೇನಾ ದಾಟೋದು?"

"ಹೂಂ, ಹಿಂಗೇ!"

"ದೇವರಾಣೆ ಮರೆಯಲ್ಲ ಕಣಯ್ಯ, ದಡ ಸೇರಿಸು!"

ದಡ ಸೇರಿದ ಮಂತ್ರಿಗಳು ಒಂದು ಲೋಟ ನೀರು ಕುಡಿದು, ಟೇಪು ಕತ್ತರಿಸಿ, ಮೈಕಿನ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಬಂಧುಗಳೇ, ಹರಿಗೋಲು ಅಂದರೆ ಏನೆಂದು ಓಬಳಪ್ಪನವರು ಇವತ್ತು ನನ್ನ ಕಣ್ಣು ತೆರೆಸಿದರು. ಕೆಳಗಿನ ಕಡವಿನ ಜನ ಈಗಲೂ ಈ ನರಕ ಅನುಭವಿಸುತ್ತಿದ್ದಾರೆ. ಓಬಳಪ್ಪನವರ ಮನವಿಯ ಮೇರೆಗೆ ಅಲ್ಲಿಗೂ ಒಂದು ಸೇತುವೆ ಮಂಜೂರು ಮಾಡಿದ್ದೇನೆ!"

ಚಪ್ಪಾಳೆಯೋ ಚಪ್ಪಾಳೆ. ಹುಲಿಗೆಮ್ಮ ತಲೆ ಮೇಲೆ ಕೈಹೊತ್ತು ಕೂತಳು. ಕಲ್ಲೇಶಪ್ಪ ತನ್ನ ಕೊರಳಿನ ಹಾರವನ್ನೇ ತೆಗೆದು ಓಬಳಪ್ಪನಿಗೆ ಹಾಕಿದ. ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಸೇತುವೆಯ ಮೇಲೆ ಹೊರಟರು. ಓಬಳಪ್ಪ ಚೇರ್ಮನ್ನನಿಂದ ಹಿಡಿದು ಮಂತ್ರಿಗಳವರೆಗೆ ಒಬ್ಬರನ್ನೂ ಬಿಡದೆ ವಂಶವೆತ್ತಿ ಬೈಯುತ್ತಲೇ ಇದ್ದ. ಡೊಳ್ಳಿನ ಸದ್ದಿನಲ್ಲಿ, ಸಂತೋಷಕ್ಕೆ ಏನೋ ಕೂಗುತ್ತಿದ್ದಾನೆಂದು ತಿಳಿದು, ಎಲ್ಲರೂ ಅವನಿಗೇ ಜೈಕಾರ ಹಾಕಿದರು.