ದುಬೈಗೆ ಹೊರಟ ರೊಟ್ಟಿ ಮತ್ತು ಬಾಗೇವಾಡಿಯ ವಿಚಾರ ಸಂಕಿರಣ

ತಿಳಿಯದ ವಿಷಯವನ್ನು ಹದಿನೆಂಟು ವರ್ಷ ಪಾಠ ಮಾಡಿದರೆ ಎಂದಾದರೂ ತಿಳಿದೀತು ಎಂಬ ನಂಬಿಕೆ ನನಗಿತ್ತು. ಈಗ ಇಲ್ಲ. ಸಿಂದಗಿಯ ಕಾಲೇಜೊಂದರಲ್ಲಿ ನಾನು ಸಮಾಜಶಾಸ್ತ್ರ ಕಲಿಸುವ ಮಾಸ್ತರ. ನನ್ನ ಪಾಲಿನ ಪಠ್ಯದಲ್ಲಿ ಕೊನೆಯ ಅಧ್ಯಾಯ ಜಾಗತೀಕರಣದ ಅರ್ಥ ಮತ್ತು ಪ್ರಕ್ರಿಯೆ. ಅದು ಬರುವ ಹೊತ್ತಿಗೆ ವಿದ್ಯಾರ್ಥಿಗಳು ಪರೀಕ್ಷೆಯ ಚಿಂತೆಯಲ್ಲಿರುತ್ತಾರೆ, ನಾನು ರಜೆಯ ಚಿಂತೆಯಲ್ಲಿರುತ್ತೇನೆ. ಹೀಗಾಗಿ ನಮ್ಮಿಬ್ಬರ ನಡುವೆ ಜಾಗತೀಕರಣ ಎಂದೂ ಜಗಳಕ್ಕೆ ಕಾರಣವಾಗಿಲ್ಲ. ಜಗಳವೆಲ್ಲ ಪಂಡಿತರದು. ಅವರಲ್ಲಿ ಮೂರು ಪಂಗಡಗಳಿವೆ. ಜಗತ್ತೆಲ್ಲ ಒಂದಾಯಿತು, ಗಡಿಗಳು ಅಳಿಸಿದವು, ಇನ್ನು ಎಲ್ಲರೂ ಒಂದೇ ಥರ ಉಂಡು, ಉಟ್ಟು, ಮಾತಾಡುತ್ತಾರೆ ಎನ್ನುವವರು ಮೊದಲನೆಯವರು. ಇದರಲ್ಲಿ ಹೊಸದೇನೂ ಇಲ್ಲ, ಹಡಗು ಕಂಡುಹಿಡಿದಂದಿನಿಂದ ನಡೆದಿರುವುದಕ್ಕೆ ಈಗ ಹೆಸರಿಟ್ಟಿದ್ದೀರಿ ಅಷ್ಟೇ ಎನ್ನುವವರು ಎರಡನೆಯವರು. ಜಗತ್ತು ಬದಲಾಗುತ್ತಿರುವುದು ನಿಜ, ಆದರೆ ಪ್ರತಿ ಊರೂ ತನ್ನ ರೀತಿಯಲ್ಲೇ ಬದಲಾಗುತ್ತದೆ ಎನ್ನುವವರು ಮೂರನೆಯವರು. ನಾನು ಮೂರನೆಯವರ ಕಡೆ. ಆಳವಾದ ಅಧ್ಯಯನದಿಂದೇನಲ್ಲ, ಅಲ್ಲಿದ್ದರೆ ಯಾರನ್ನೂ ಎದುರು ಹಾಕಿಕೊಳ್ಳಬೇಕಾಗಿಲ್ಲ.

ಕಳೆದ ಚಳಿಗಾಲದಲ್ಲಿ ಬಸವನ ಬಾಗೇವಾಡಿಯಲ್ಲಿ ಇದೇ ವಿಷಯದ ಮೇಲೆ ಒಂದು ದಿನದ ವಿಚಾರ ಸಂಕಿರಣ ಇಟ್ಟುಕೊಂಡಿದ್ದರು. ನಾನೂ ಒಂದು ಪ್ರಬಂಧ ಓದಬೇಕಿತ್ತು. ಅದೇ ದಿನ ನನ್ನ ಹೆಂಡತಿ ಗಿರಿಜಾಳಿಗೂ ಬಾಗೇವಾಡಿಯಲ್ಲಿ ಒಂದು ಕೆಲಸವಿತ್ತು. ಅವಳೂ ಪಕ್ಕದ ಮನೆಯ ಜೈಬುನಕ್ಕನೂ ಕೂಡಿ ಗರಿಗರಿಯಾದ ಜೋಳದ ಕಟಕ ರೊಟ್ಟಿ, ಅದರ ಜೊತೆಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಮಾಡಿ ಮಾರುತ್ತಾರೆ. ಇಂಡಿ ಊರಿನ ಲಿಂಬೆ ವ್ಯಾಪಾರಿಯೊಬ್ಬರು ದುಬೈಗೆ ಲಿಂಬೆ ಕಳಿಸುವವರು. ಅಲ್ಲಿಯ ಅಂಗಡಿಯವರು ಈ ಕಡೆಯ ರೊಟ್ಟಿಯ ರುಚಿ ನೋಡಬೇಕೆಂದಿದ್ದರಂತೆ. ಮಾದರಿ ಒಪ್ಪಿಗೆಯಾದರೆ ತಿಂಗಳು ತಿಂಗಳು ಕಳಿಸುವ ಕೆಲಸ ಇವರದು. ತಪ್ಪಿದರೆ, ಇದೇ ಕೆಲಸಕ್ಕೆ ಕಾದು ಕುಳಿತಿದ್ದ ಮೋರಟಗಿಯ ಹೆಣ್ಣುಮಕ್ಕಳ ಗುಂಪಿಗೆ. ವ್ಯಾಪಾರಿಯ ಮನುಷ್ಯ ಆ ಗುರುವಾರ ಸಂಜೆ ನಾಲ್ಕಕ್ಕೆ ಬಾಗೇವಾಡಿ ಬಸ್ ಸ್ಟ್ಯಾಂಡಿನ ಪಕ್ಕದ ಕಿರಾಣಿ ಅಂಗಡಿಗೆ ಬರುವವನಿದ್ದ. ಇಬ್ಬರೂ ಎರಡು ದಿನ ಕೂತು ರೊಟ್ಟಿ ಬಡಿದರು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಅಂಚು ಮುರಿದದ್ದನ್ನು ನನ್ನ ತಟ್ಟೆಗೆ ಹಾಕಿ, ಚೆಂದದ ಐವತ್ತನ್ನು ಆರಿಸಿ, ಒಂದು ಹಿಂಡಿ ಪೊಟ್ಟಣದ ಜೊತೆ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿದರು.

“ರೀ, ಹೆಂಗೂ ಬಾಗೇವಾಡಿಗೆ ಹೊಂಟೀರಿ. ಇದನ್ನೊಂದು ಮುಟ್ಟಿಸಿಬಿಡ್ರಿ. ಮ್ಯಾಲೆ ನಿಮ್ಮ ಬುತ್ತಿನೂ ಇಟ್ಟೇನಿ, ಒಂದೂವರಿಗೆ ಗುಳಿಗಿ ತಗೊಳ್ಳೂದು ಮರೀಬ್ಯಾಡ್ರಿ,” ಎಂದಳು ಗಿರಿಜಾ. ಜೈಬುನಕ್ಕ ಅಷ್ಟಕ್ಕೇ ಬಿಡಲಿಲ್ಲ. “ಸರ್ರ, ಡಬ್ಬಿ ತೊಡಿ ಮ್ಯಾಲ ಇಟಗೊಂಡು ಕೂಡ್ರಿ. ಬಸ್ಸಿನ್ಯಾಗ ವಿಚಾರ ಮಾಡಾಕ ಹೋಗಬ್ಯಾಡ್ರಿ,” ಎಂದಳು. ನಾನು ವಿಚಾರ ಮಾಡದೆ ಬಾಗೇವಾಡಿ ಮುಟ್ಟಿದೆ. ಒಂದು ರೊಟ್ಟಿಯೂ ಮುರಿಯಲಿಲ್ಲ.

ಸಂಕಿರಣಕ್ಕೆ ಬೆಂಗಳೂರಿನಿಂದ ದೊಡ್ಡ ವಿದ್ವಾಂಸರೊಬ್ಬರು ಬಂದಿದ್ದರು. ಅವರು ಮೊದಲನೇ ಪಂಗಡ. ಸಂಸ್ಕೃತಿಗಳ ನಡುವಿನ ವ್ಯತ್ಯಾಸ ಇನ್ನು ವಸ್ತುಸಂಗ್ರಹಾಲಯದಲ್ಲಿ ಮಾತ್ರ ಉಳಿಯುತ್ತದೆ ಎಂದು ಒಂದು ಗಂಟೆ ಮಾತಾಡಿದರು. ಮುದ್ದೇಬಿಹಾಳದ ಮುಲ್ಲಾ ಸರ್ ಇತಿಹಾಸದವರು, ಎರಡನೇ ಪಂಗಡ. ಅವರೆದ್ದು ನಿಂತು ಒಂದು ಗಂಟೆ ವಿರೋಧಿಸಿದರು. ಹೀಗೆ ‘ಅರ್ಥ’ ಮುಗಿಯುವಷ್ಟರಲ್ಲಿ ಒಂದೂವರೆಯಾಗಿತ್ತು, ‘ಪ್ರಕ್ರಿಯೆ’ ಶುರುವೇ ಆಗಿರಲಿಲ್ಲ. ಅಷ್ಟರಲ್ಲಿ ಊಟ ತರುವ ಗಾಡಿ ಇಂಗಳೇಶ್ವರದ ರಸ್ತೆಯಲ್ಲಿ ಪಂಚರ್ ಆಗಿ ನಿಂತಿದೆ ಎಂಬ ಸುದ್ದಿ ಬಂತು. ಹತ್ತು ಹನ್ನೆರಡು ಜನ ಸ್ಟಾಫ್ ರೂಮಿನಲ್ಲಿ ಕುಳಿತೆವು. ನನ್ನ ಗುಳಿಗೆಯ ಹೊತ್ತು ಮೀರುತ್ತಿತ್ತು. ಬುತ್ತಿಗಾಗಿ ಡಬ್ಬಿಯ ಮುಚ್ಚಳ ತೆಗೆದೆ.

ಇಲ್ಲಿ ನಮ್ಮ ಕಡೆಯ ಒಂದು ರಿವಾಜು ಹೇಳಲೇಬೇಕು. ನಾಲ್ಕು ಜನರ ನಡುವೆ ಬುತ್ತಿ ಬಿಚ್ಚಿದವನು ಸುತ್ತ ನೋಡಿ “ಬರ್ರಿ, ಊಟ ಮಾಡೂಣು” ಎನ್ನಬೇಕು. ಅನ್ನದೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಕೇಳಿದವನು, ಎಷ್ಟೇ ಹಸಿದಿರಲಿ, “ಆತ್ರಿ, ನೀವು ಮಾಡ್ರಿ” ಎನ್ನಬೇಕು, ನಮ್ಮದು ಆಗಿದೆ ಎಂದರ್ಥ. ಕರೆದವನ ಮರ್ಯಾದೆಯೂ ಉಳಿಯುತ್ತದೆ, ರೊಟ್ಟಿಯೂ ಉಳಿಯುತ್ತದೆ. ರೈಲಿನಲ್ಲಿ, ಆಸ್ಪತ್ರೆಯ ಕಟ್ಟೆಯ ಮೇಲೆ, ಕೋರ್ಟಿನಲ್ಲಿ ಎದುರುಪಾರ್ಟಿಯವನಿಗೂ ನಾವು ಹೀಗೆ ಅಂದಿದ್ದೇವೆ. ಅವನೂ ಸರಿಯಾದ ಉತ್ತರವನ್ನೇ ಕೊಟ್ಟಿದ್ದಾನೆ. ನಾನು ಅಭ್ಯಾಸಬಲದಿಂದ ಅಂದೆ. ಮುಲ್ಲಾ ಸರ್ “ಆತ್ರಿ ಸರ್, ನೀವು ಮಾಡ್ರಿ” ಎಂದರು. ಉಳಿದವರೂ ಅದನ್ನೇ ಅಂದರು. ಬೆಂಗಳೂರಿನ ವಿದ್ವಾಂಸರು ಮಾತ್ರ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದರು. “ಖಂಡಿತ ಸಾರ್! ಬೆಳಿಗ್ಗೆಯಿಂದ ಬರೀ ಕಾಫಿ ಕುಡಿದಿದ್ದೀನಿ,” ಎಂದರು.

ನನ್ನ ಬುತ್ತಿಯಲ್ಲಿದ್ದದ್ದು ಎರಡು ರೊಟ್ಟಿ. ಅವರಿಗೆ ಒಂದು ಕೊಟ್ಟೆ. ಅತಿಥಿಯೊಬ್ಬರೇ ಉಣ್ಣುವಾಗ ಉಳಿದವರು ನೋಡುತ್ತ ಕೂಡುವುದು ನಮ್ಮಲ್ಲಿ ಸಲ್ಲದು. ಆದ್ದರಿಂದ ಬರೀ ಅವರ ಜೊತೆಗೆಂದು ಮುಲ್ಲಾ ಸರ್ ಬಂದರು, ಅವರ ಜೊತೆಗೆಂದು ಇನ್ನಿಬ್ಬರು ಬಂದರು, ಹೀಗೆ ಕೋಣೆಯಲ್ಲಿದ್ದವರೆಲ್ಲ ಬಂದರು. ಕೈ ತಾನಾಗಿ ಕೆಳಗಿನ ಸಾಲಿಗೆ ಹೋಯಿತು. ಒಮ್ಮೆ ಮಾತ್ರ ಧೈರ್ಯ ಮಾಡಿ, “ಇವು ಖರೆ ಅಂದ್ರ ದುಬೈಗೆ ಹೋಗೂ ರೊಟ್ಟಿ ಅದಾವ್ರಿ,” ಎಂದೆ. ವಿದ್ವಾಂಸರು ಬಿದ್ದು ಬಿದ್ದು ನಕ್ಕರು. “ಗೋಷ್ಠಿಗೆ ತಕ್ಕ ಹಾಸ್ಯ ಸಾರ್,” ಎಂದು ಇನ್ನೊಂದಕ್ಕೆ ಕೈ ಹಾಕಿದರು. ಮುಲ್ಲಾ ಸರ್ ಹಿಂಡಿಯನ್ನು ತೋರಿಸಿ, ಈ ಶೇಂಗಾನೂ ಹಡಗಿನಲ್ಲಿ ಬಂದದ್ದು, ಈ ಮೆಣಸಿನಕಾಯಿಯೂ ಹಡಗಿನಲ್ಲಿ ಬಂದದ್ದು ಎಂದು ಬೆಳಗಿನ ವಾದ ಮುಂದುವರಿಸಿದರು. “ಹಂಗಾರ ನಮ್ಮದೇನೈತ್ರಿ ಇದರಾಗ?” ಎಂದು ಯಾರೋ ಕೇಳಿದರು. “ಹಸಿವು ಅಷ್ಟ ನಮ್ಮದು ನೋಡ್ರಿ,” ಎಂದರು ಮುಲ್ಲಾ ಸರ್.

ಇಷ್ಟಾದರೂ ಅರ್ಧ ಡಬ್ಬಿ ಉಳಿಯುತ್ತಿತ್ತೋ ಏನೋ. ಅದನ್ನೂ ಮುಗಿಸಿದ್ದು ನನ್ನ ಬಾಯಿ. ಉಣ್ಣುವವರಿಗೆ “ಇನ್ನೊಂದು ಹಾಕ್ಕೋರಿ” ಅನ್ನದೆ ಇರಲು ನನ್ನಿಂದಾಗದು. ಹಾಗೆ ಅಂದಾಗಲೆಲ್ಲ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ತಡೆಯುವುದು ಎದುರಿನವರ ಕರ್ತವ್ಯ. ವಿದ್ವಾಂಸರು ಒಮ್ಮೆಯೂ ಕೈ ಅಡ್ಡ ಹಿಡಿಯಲಿಲ್ಲ. ವ್ಯತ್ಯಾಸಗಳೆಲ್ಲ ಅಳಿದವು ಎಂದು ಬೆಳಿಗ್ಗೆ ಸಾರಿದವರು ಮಧ್ಯಾಹ್ನ ಏಳು ರೊಟ್ಟಿ ತಿಂದು ನನ್ನ ಪಂಗಡದ ವಾದವನ್ನೇ ಗೆಲ್ಲಿಸುತ್ತಿದ್ದರು. ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಡಬ್ಬಿಯ ತಳ ಕಂಡಾಗ ಊಟದ ಗಾಡಿ ಬಂತು.

ಆ ಕಿರಾಣಿ ಅಂಗಡಿಯ ಕಡೆ ಸುಳಿಯದೆ ಬಸ್ಸು ಹತ್ತಿ, ಸಂಜೆ ಖಾಲಿ ಡಬ್ಬಿ ಹಿಡಿದು ಮನೆ ಹೊಕ್ಕಾಗ ನನಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಗಿರಿಜಾಳ ಅಂಗೈಯಲ್ಲಿ ರೊಟ್ಟಿ ಹಂಚು ತಾಗಿ ಸುಟ್ಟ ಗುರುತು ಇನ್ನೂ ಕೆಂಪಗಿತ್ತು. ನಡೆದದ್ದೆಲ್ಲ ಹೇಳಿದೆ. ಅವಳು ಖಾಲಿ ಡಬ್ಬಿಯನ್ನು ಒಯ್ದು ತೊಳೆಯಲಿಟ್ಟಳು. ಸುದ್ದಿ ತಿಳಿಯಲು ಬಂದು ಕುಳಿತಿದ್ದ ಜೈಬುನಕ್ಕ ಕೇಳಿದಳು: “ಸರ್ರ, ಯಾರರೆ ಉಪ್ಪು ಕಡಿಮಿ ಅಂದ್ರೇನ್ರಿ?” ಇಲ್ಲವೆಂದೆ. “ಮತ್ತ ಹಿಂಡಿ?” ಬೆರಳು ಚೀಪಿದರೆಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿರಿಜಾ ಇಂಡಿಯ ವ್ಯಾಪಾರಿಗೆ ಫೋನ್ ಮಾಡಿ, ಬೇಡಿಕೊಂಡು, ಒಂದು ವಾರದ ಗಡುವು ಪಡೆದಳು. ಆಮೇಲೆ ನನ್ನ ಕಡೆ ತಿರುಗಿ, “ಬಡಿಯೂದಕ್ಕ ನನಗ ಬ್ಯಾಸರಿಲ್ಲರಿ. ಆದ್ರ ಒಂದು ಫೋನರೆ ಮಾಡಬೇಕಿಲ್ಲೇನು?” ಎಂದಳು.

ಮುಂದಿನ ಗುರುವಾರ ನಾನು ಮತ್ತೆ ಬಾಗೇವಾಡಿಗೆ ಹೋಗಬೇಕಾಯಿತು. ಸಂಕಿರಣದ ಪ್ರಬಂಧಗಳನ್ನು ಪುಸ್ತಕ ಮಾಡುವ ಸಭೆ. ಜಾಗತೀಕರಣ ಎಂದರೇನು ಎಂಬ ಒಂದು ಸಾಲು ಮುನ್ನುಡಿಗೆ ಬೇಕಿತ್ತು, ಅದು ಇನ್ನೂ ಸಿಕ್ಕಿರಲಿಲ್ಲ. ಬಸ್ಸು ಹೊರಡುವ ಮೊದಲು ಗಿರಿಜಾ ಬಂದು, ಹೊಸ ಡಬ್ಬಿಯನ್ನು ಕಂಡಕ್ಟರನ ಸೀಟಿನ ಕೆಳಗಿಡಿಸಿ, ಅವನಿಗೆ ಅಂಗಡಿಯ ಗುರುತು ಹೇಳಿ ಇಳಿದಳು. ನಾನು ಎರಡು ಸೀಟು ಹಿಂದೆಯೇ ಕುಳಿತಿದ್ದೆ. ಕಂಡೂ ಕಾಣದಂತೆ ಹೋದಳು. ಬಾಗೇವಾಡಿಯಲ್ಲಿ ಬಸ್ಸು ನಿಂತಾಗ, ಇಷ್ಟಾದರೂ ಸಹಾಯ ಮಾಡೋಣವೆಂದು ಡಬ್ಬಿಗೆ ಕೈ ಹಾಕಿದೆ. ಕಂಡಕ್ಟರ್ ಗೌರವದಿಂದಲೇ ನನ್ನ ಕೈ ಸರಿಸಿದ. “ಬ್ಯಾಡ್ರಿ ಸರ್. ಹಿಂದಿನ ಸೀಟಿನ್ಯಾಗ ಒಬ್ಬರು ಮಾಸ್ತರ ಕುಂತಾರ, ಏನ ಆದ್ರೂ ಅವರ ಕೈಯಾಗ ಕೊಡಬ್ಯಾಡ ಅಂತ ಅಕ್ಕಾರು ಹೇಳ್ಯಾರ,” ಎಂದ.